ಎಡಗೈ ಬಡಿಗನ ಪೆಟ್ಟಿಗೆ

ಈ ಕೆಲಸಕ್ಕೆ ಹೊಸದಾಗಿ ಬರುವವರು ನನ್ನನ್ನು ಮೊದಲು ಕೇಳುವುದು ಯಾವ ಪಾಲಿಶ್ ಒಳ್ಳೆಯದು ಎಂದು. ಪಾಲಿಶ್ ಆಮೇಲೆ, ಮೊದಲು ಡ್ರಾಯರನ್ನು ಹೊರಗೆಳೆದು ಬೋರಲು ಹಾಕಿ ನೋಡಿ ಎನ್ನುತ್ತೇನೆ. ಅವರ ಮುಖ ಸಪ್ಪಗಾಗುತ್ತದೆ. ಮುದುಕನಿಗೆ ಕೇಳಿದ್ದಕ್ಕೆ ಉತ್ತರ ಹೇಳುವ ಅಭ್ಯಾಸವಿಲ್ಲ ಎಂದುಕೊಳ್ಳುತ್ತಾರೇನೋ. ಆದರೆ ಮೇಲ್ಭಾಗ ನೋಡುವುದು ಕೊಳ್ಳುವವರ ಕೆಲಸ. ನಮ್ಮದು ತಳ ನೋಡುವ ಕೆಲಸ. ಇಪ್ಪತ್ತಾರು ವರ್ಷ ಅದನ್ನೇ ಮಾಡಿದ್ದೇನೆ.

ನನ್ನ ಹೆಸರು ಈರಣ್ಣ ಬಡಿಗೇರ. ಈ ಪರದೇಶದ ಓಕ್‌ವಿಲ್ ಎಂಬ ಊರಿನ ಒಂದು ಹಿಂಬದಿ ಓಣಿಯಲ್ಲಿದ್ದ ಕಾರ್ಖಾನೆಯಲ್ಲಿ ಇಂಗ್ಲೆಂಡಿನಿಂದ ಬಂದ ಹಳೆಯ ಪೀಠೋಪಕರಣಗಳನ್ನು ರಿಪೇರಿ ಮಾಡುತ್ತಿದ್ದೆ. ಕಾರ್ಖಾನೆ ಎಂದರೆ ದೊಡ್ಡದಲ್ಲ, ಮೂರು ಕಾರು ನಿಲ್ಲಿಸುವಷ್ಟು ಜಾಗ. ಈಗ ನಿವೃತ್ತನಾಗಿ ಪಕ್ಕದ ಎರಿನ್ ಮಿಲ್ಸ್ ಬಡಾವಣೆಯ ಮನೆಯಲ್ಲಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಕೂತಿದ್ದೇನೆ. ಬೇಸ್‌ಮೆಂಟಿನಲ್ಲಿ ಒಂದು ಸಣ್ಣ ಬೆಂಚಿದೆ. ಹೆಂಡತಿ ಶಾಂತಾಳ ಚಪಾತಿ ಮಣೆ ಬಿಟ್ಟರೆ ಅದರ ಮೇಲೆ ದೊಡ್ಡ ಕೆಲಸವೇನೂ ಬರುವುದಿಲ್ಲ.

ಧಾರವಾಡದ ಹತ್ತಿರ ಅಪ್ಪನ ಶೆಡ್ಡಿನಲ್ಲಿ ನಾನು ಕೆಲಸ ಕಲಿತೆ. ಬಾಗಿಲು, ತೊಟ್ಟಿಲು, ಚಕ್ಕಡಿ. ಹಳೆಯ ಮರ ಬಂತೆಂದರೆ ಉಜ್ಜುಗೊರಡು ಹಿಡಿದು ಬಿಳಿಯ ಮರ ಕಾಣುವವರೆಗೆ ಹೆರೆಯುವುದು ನಮ್ಮ ಪದ್ಧತಿ. 'ಹೊಸಾದು ಆತು ನೋಡ್' ಎಂದು ಗಿರಾಕಿ ಹೇಳಿದರೆ ಅಪ್ಪನ ಮೀಸೆಯಡಿ ನಗು ಬರುತ್ತಿತ್ತು. ಒಂದು ಸಲ ಕೊಡತಿಯ ಏಟು ತಪ್ಪಿ ನನ್ನ ಬಲಗೈಯ ಉಂಗುರದ ಬೆರಳಿಗೆ ಬಿತ್ತು. ಅದು ಹೊರಕ್ಕೆ ಸೊಟ್ಟಗಾಗಿ ಹಾಗೆಯೇ ಕೂಡಿಕೊಂಡಿತು. ಅಂದಿನಿಂದ ನಾನು ಹಣೆಗೆ ವಿಭೂತಿ ಎಳೆದರೆ ಮೇಲಿನ ಎರಡು ಗೆರೆ ಒಂದರ ಪಕ್ಕ ಒಂದು, ಮೂರನೆಯದು ಸ್ವಲ್ಪ ದೂರ. ಅವ್ವ ದಿನಾ ನೋಡಿ ನಗುತ್ತಿದ್ದಳು.

ಶಾಂತಾ ನರ್ಸು. ಅವಳಿಗೆ ಇಲ್ಲಿ ಕೆಲಸ ಸಿಕ್ಕಿದ್ದರಿಂದ ನಾನೂ ಬಂದೆ. ಮೊದಲು ನಾಲ್ಕು ವರ್ಷ ಅಡುಗೆಮನೆ ಕಪಾಟು ಮಾಡುವ ಫ್ಯಾಕ್ಟರಿಯಲ್ಲಿದ್ದೆ. ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ, ಎಂಟು ತಾಸು ಒಂದೇ ಯಂತ್ರ. ಅದರ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಒಂದು ದಿನ ಕೈಗೆ ಉಳಿ ತಾಗಿಸಿಕೊಂಡ ಒಬ್ಬ ಆಂಗ್ಲ ಮುದುಕ ಶಾಂತಾಳ ಆಸ್ಪತ್ರೆಗೆ ಬಂದರು. ಬ್ಯಾಂಡೇಜ್ ಕಟ್ಟುತ್ತಾ ಅವಳು, ನನ್ನ ಗಂಡನ ಕೈಯಲ್ಲೂ ಇದೇ ಜಾಗದಲ್ಲಿ ಇಂಥದೇ ಗಾಯದ ಕಲೆ ಇದೆ ಎಂದಳಂತೆ. ಹಾಗಾದರೆ ಅವನನ್ನು ಕಳಿಸು ಎಂದರಂತೆ ಅವರು. ನನ್ನ ಇಂಟರ್‌ವ್ಯೂ ಆದದ್ದು ಅಷ್ಟೇ, ಅದೂ ನನ್ನ ಗೈರುಹಾಜರಿಯಲ್ಲಿ.

ಅವರೇ ಹೊಲಿಸ್ ಸಾಹೇಬರು. ಉದ್ದ ಮೂಗು, ಮೊಣಕೈಗೆ ತೇಪೆ ಹಾಕಿದ ಸ್ವೆಟರು. ಈರಣ್ಣ ಎನ್ನಲು ನಾಲಿಗೆ ತಿರುಗದೆ ಮೊದಲ ದಿನವೇ ನನ್ನನ್ನು ಇರಾ ಮಾಡಿದರು. ಒಂದು ಓಕ್ ಮರದ ಸ್ಟೂಲು ಕೊಟ್ಟು, ಸ್ವಚ್ಛ ಮಾಡು ಎಂದು ಹೇಳಿ ಹೊರಗೆ ಹೋದರು. ನಾನು ಸಂಜೆಯ ಹೊತ್ತಿಗೆ ಅದನ್ನು ಹೆರೆದು, ಸ್ಯಾಂಡ್‌ಪೇಪರ್ ಹಾಕಿ, ನಿನ್ನೆ ಕಡಿದ ಮರದ ಹಾಗೆ ಬೆಳ್ಳಗೆ ಮಾಡಿ ಇಟ್ಟೆ. ಶಾಭಾಸ್‌ಗಿರಿ ಸಿಗುತ್ತದೆಂದು ಕೈಕಟ್ಟಿ ನಿಂತೆ. ಸಾಹೇಬರು ಬಂದು ನೋಡಿದರು. ಕುರ್ಚಿ ಎಳೆದು ಕೂತರು. ಸ್ಟೂಲಿನ ಮೇಲೆ ಅಂಗೈ ಆಡಿಸಿದರು.

"ಇರಾ, ಈ ಸ್ಟೂಲಿನ ಮೇಲೆ ಮುನ್ನೂರು ವರ್ಷದಿಂದ ಜನ ಕೂತಿದ್ದರು. ನೀನು ಅವರೆಲ್ಲರನ್ನೂ ಒಂದೇ ಮಧ್ಯಾಹ್ನ ಎಬ್ಬಿಸಿ ಕಳಿಸಿಬಿಟ್ಟೆ."

ನನಗೆ ನೆಲ ಬಾಯಿಬಿಟ್ಟರೆ ಸಾಕು ಎನ್ನಿಸಿತು. ಪುಣ್ಯಕ್ಕೆ ಅದು ಅವರ ಸ್ವಂತ ಸ್ಟೂಲು. ಹೊಸಬನ ಕೈಗೆ ಗಿರಾಕಿಯ ಸಾಮಾನು ಕೊಡುವಷ್ಟು ದಡ್ಡರಲ್ಲ ಅವರು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ಆದರೆ ಚಹಾ ಕುಡಿಯುವಾಗ ಅದೇ ಸ್ಟೂಲಿನ ಮೇಲೆ ಕೂರಬೇಕೆಂದು ತಾಕೀತು ಮಾಡಿದರು. ಇಪ್ಪತ್ತಾರು ವರ್ಷ ಕೂತಿದ್ದೇನೆ. ಈಗ ಅದಕ್ಕೂ ಸ್ವಲ್ಪ ಬಣ್ಣ ಬಂದಿದೆ.

ಅವರದೊಂದು ಕಟ್ಟುನಿಟ್ಟಾದ ನಿಯಮವಿತ್ತು. ಪ್ರತಿಯೊಂದು ಕೆಲಸಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಪುಟ. ಸಾಮಾನು ಯಾವ ಸ್ಥಿತಿಯಲ್ಲಿ ಬಂತು, ಯಾವ ಅಂಟು ಹಾಕಿದೆವು, ಹೊಸ ಮರ ಎಲ್ಲಿ ಸೇರಿಸಿದೆವು, ಏನು ಕೆಡಿಸಿದೆವು ಎಲ್ಲವನ್ನೂ ಕೆಲಸ ಮಾಡಿದವನೇ ಬರೆಯಬೇಕು. ಸಾಹೇಬರು ಓದಿ, ಕೆಳಗೆ ಸ್ಕೇಲು ಇಟ್ಟು ಒಂದು ಗೆರೆ ಎಳೆದು, ಪಕ್ಕದಲ್ಲಿ ಸಣ್ಣದಾಗಿ ಸಹಿ ಹಾಕುತ್ತಿದ್ದರು. ಗೆರೆ ಬಿದ್ದ ಮೇಲೆ ಆ ಕೆಲಸ ಮುಗಿಯಿತು. 'ಮುಂದೆ ಬರುವವನು ನಮ್ಮನ್ನು ಬೈಯಲಿ. ಆದರೆ ಸರಿಯಾದ ಕಾರಣಕ್ಕೆ ಬೈಯಲಿ' ಎನ್ನುತ್ತಿದ್ದರು. ಸ್ಟೂಲಿನ ಪುಟವನ್ನೂ ನನ್ನಿಂದಲೇ ಬರೆಸಿದರು. ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ 'ನಾನು ತುಂಬಾ ಸ್ವಚ್ಛ ಮಾಡಿದೆ' ಎಂದಿದೆ. ಅವರು ನಗದೆ ಗೆರೆ ಎಳೆದರು.

ಕೆರೆಯ ದಂಡೆಯ ದೊಡ್ಡ ಮನೆಯ ಒಬ್ಬ ಅಜ್ಜಿಯ ಊಟದ ಮೇಜನ್ನು ಇಲ್ಲಿ ನೆನೆಯಬೇಕು. ಕಾಲು ಅಲುಗುತ್ತಿತ್ತು, ಅಷ್ಟೇ. ಮೇಜಿನ ಅಡಿಯಲ್ಲಿ ಬಣ್ಣದ ಪೆನ್ಸಿಲ್ಲಿನಲ್ಲಿ ಗೀಚಿದ್ದ ಒಂದು ಬೆಕ್ಕು ಇತ್ತು. ನಾನು ಒದ್ದೆ ಬಟ್ಟೆ ಹಿಡಿದವನು ಸ್ಟೂಲಿನ ಪಾಠ ನೆನಪಾಗಿ ತಡೆದು, ಫೋನು ಮಾಡಿ ಕೇಳಿದೆ. ಅಜ್ಜಿ ಫೋನಿನಲ್ಲೇ ಅತ್ತರು. ಅದು ಅವರ ತೀರಿಕೊಂಡ ಮಗಳು ಐದು ವರ್ಷದವಳಿದ್ದಾಗ ಬಿಡಿಸಿದ್ದು, ಅಲ್ಲಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಮೇಜು ವಾಪಸು ಹೋದ ದಿನ ಎಪ್ಪತ್ತು ದಾಟಿದ ಆಕೆ ನೆಲದ ಮೇಲೆ ಅಂಗಾತ ಮಲಗಿ ಆ ಬೆಕ್ಕನ್ನು ನೋಡಿದರು. ನಾನು ಹೊರಗೆ ಹೋಗಿ ವ್ಯಾನಿನಲ್ಲಿ ಕೂತೆ. ನನಗೂ ಕಣ್ಣು ತುಂಬಿತ್ತು.

ಈಗ ಆ ಪೆಟ್ಟಿಗೆಯ ವಿಷಯ. ಓಕ್ ಮರದ್ದು, ನಾಲ್ಕು ಡ್ರಾಯರುಗಳದ್ದು, ಸಾಹೇಬರ ಅಂದಾಜಿನಲ್ಲಿ ಮುನ್ನೂರೈವತ್ತು ವರ್ಷದ್ದು. ಯಾವುದೋ ಇಂಗ್ಲಿಷ್ ಹಳ್ಳಿಯ ಬಡಿಗ ಮಾಡಿದ್ದು. ಅವನ ಹೆಸರು ಯಾರಿಗೂ ಗೊತ್ತಿಲ್ಲ. ಆದರೆ ಡ್ರಾಯರುಗಳನ್ನು ಬೋರಲು ಹಾಕಿ, ದೀಪವನ್ನು ಪಕ್ಕದಿಂದ ಹಿಡಿದರೆ ಅವನು ಬರುತ್ತಿದ್ದ. ಉಳಿಯ ಏಟುಗಳೆಲ್ಲ ಉಲ್ಟಾ ವಾಲಿದ್ದವು. ಅವನು ಎಡಗೈಯವನು. ಕಣ್ಣಿಗೆ ಬೀಳುವ ಮುಂಭಾಗಕ್ಕೆ ಒಳ್ಳೆಯ ಹಲಗೆ, ಹಿಂಬದಿಗೆ ಗಂಟುಗಂಟಿನದು. ಮರ ಉಳಿಸುತ್ತಿದ್ದ, ಅಂದರೆ ಶ್ರೀಮಂತನಲ್ಲ. ಮೇಲಿನ ಡ್ರಾಯರಿನ ಕೆಲಸ ನಿಧಾನದ್ದು, ನಾಲ್ಕನೆಯದು ಅವಸರದ್ದು. ಗಿರಾಕಿ ಬಾಗಿಲಲ್ಲಿ ಬಂದು ನಿಂತಿರಬೇಕು, ನಮ್ಮೂರಿನಲ್ಲಿ ನಿಲ್ಲುತ್ತಿದ್ದ ಹಾಗೆ. ಹಿಂಬದಿಯ ಒಂದು ಕಂಬದಲ್ಲಿ ಜೋಡಣೆಯ ತೂತನ್ನು ತಪ್ಪಾದ ಜಾಗದಲ್ಲಿ ಕೊರೆದು, ಅದಕ್ಕೆ ಹೃದಯದಾಕಾರದ ಮರದ ತುಂಡು ಹೊಡೆದು ಮುಚ್ಚಿದ್ದ. ತಪ್ಪು ಮುಚ್ಚುವುದಕ್ಕೂ ಇಷ್ಟು ಶ್ರದ್ಧೆಯೇ ಎಂದು ನಾನು ನಕ್ಕೆ. ಎರಡು ತಿಂಗಳು ಆ ಪೆಟ್ಟಿಗೆಯ ಜೊತೆ ಇದ್ದೆ. ಅವನನ್ನು ಎಡಗೈ ಅಣ್ಣ ಎಂದು ಕರೆಯತೊಡಗಿದೆ. ನನ್ನ ಊರು, ಭಾಷೆ ಯಾವುದೂ ಇಲ್ಲದ ಈ ದೇಶದಲ್ಲಿ ನನ್ನ ಕಸುಬಿನವನೊಬ್ಬ ಸಿಕ್ಕಿದ್ದ. ಇದು ಹುಚ್ಚು ಎನ್ನುವವರು ಎನ್ನಲಿ.

ಆ ವರ್ಷ ಖಂಡೆಪೂಜೆ, ಅಂದರೆ ನಮ್ಮ ಆಯುಧಪೂಜೆ, ಥ್ಯಾಂಕ್ಸ್‌ಗಿವಿಂಗ್ ಎಂಬ ಇಲ್ಲಿನ ಅಕ್ಟೋಬರಿನ ಸುಗ್ಗಿ ಹಬ್ಬದ ರಜೆಯ ಶನಿವಾರ ಬಂತು. ಸಾಹೇಬರು ತಂಗಿಯ ಮನೆಗೆ ಹೋಗಿದ್ದರು. ಕೀಲಿಕೈ ನನ್ನ ಹತ್ತಿರವಿತ್ತು. ಉಳಿ, ಗರಗಸ, ಉಜ್ಜುಗೊರಡುಗಳನ್ನೆಲ್ಲ ಬೆಂಚಿನ ಮೇಲೆ ಸಾಲಾಗಿ ಇಟ್ಟು, ಗಟ್ಟಿ ವಿಭೂತಿಯನ್ನು ನೀರಲ್ಲಿ ತೇಯ್ದು ಒಂದೊಂದಕ್ಕೂ ಮೂರು ಬೆರಳಲ್ಲಿ ಎಳೆದೆ. ಅಪ್ಪನ ಶೆಡ್ಡಿನಲ್ಲಿ ಇನ್ನೊಂದು ಪದ್ಧತಿಯಿತ್ತು. ಕೈಯಲ್ಲಿರುವ ಅರ್ಧ ಕೆಲಸಕ್ಕೂ ವಿಭೂತಿ ಹಚ್ಚಬೇಕು, ವಿಜಯದಶಮಿ ಕಳೆಯುವವರೆಗೆ ಯಾವುದನ್ನೂ ಮುಟ್ಟಬಾರದು. ಬೆಂಚಿನ ಮೇಲೆ ನಾಲ್ಕನೆಯ ಡ್ರಾಯರು ಬೋರಲಾಗಿ ಬಿದ್ದಿತ್ತು. ಹಿಂದಿನ ದಿನವಷ್ಟೇ ಅದರ ತಳವನ್ನು ತೊಳೆದಿದ್ದೆ, ಮರ ಇನ್ನೂ ಹಸಿಯಾಗಿತ್ತು. ಎಡಗೈ ಅಣ್ಣನಿಗೂ ಒಂದು ನಮಸ್ಕಾರ ಸಲ್ಲಲಿ ಎಂದು ಅದರ ಮೇಲೂ ಮೂರು ಗೆರೆ ಎಳೆದು, ಊದುಬತ್ತಿ ಬೆಳಗಿ, ಕೈಮುಗಿದು ಮನೆಗೆ ಬಂದೆ.

ರಜೆ ಮುಗಿದ ಮಂಗಳವಾರ ಬೇಗ ಹೋಗಿ ಒರೆಸಿದೆ. ಉಳಿಯ ಮೇಲಿನದು ಹೋಯಿತು. ಬೆಂಚಿನ ಮೇಲಿನದೂ ಹೋಯಿತು. ಓಕ್ ಮೇಲಿನ ಬಿಳಿ ಹೋದರೆ, ಅಡಿಯಲ್ಲಿ ಮೂರು ಕಪ್ಪು ಗೆರೆಗಳು. ನಮ್ಮ ತೇಗ ಹೀಗೆ ಮಾಡುವುದಿಲ್ಲ. ಓಕ್ ಮರದಲ್ಲಿ ಒಗರು ಇದೆ, ಬೂದಿಯಲ್ಲಿ ಕ್ಷಾರ ಇದೆ, ಒದ್ದೆಯಲ್ಲಿ ಎರಡೂ ಸೇರಿದರೆ ಮರದೊಳಗೇ ಕಪ್ಪಾಗುತ್ತದೆ. ಇದನ್ನು ನಾನು ಕಲಿತದ್ದು ಆ ದಿನ. ಹೊಸಬರು ಪುಕ್ಕಟೆಯಾಗಿ ಕಲಿಯಲಿ. ನಿಂಬೆಹಣ್ಣು ತಿಕ್ಕಿದೆ, ಬಿಸಿನೀರು ಹಾಕಿದೆ, ಗೆರೆ ಇನ್ನಷ್ಟು ಹಳೆಯದರಂತೆ ಕಂಡಿತೇ ಹೊರತು ಹೋಗಲಿಲ್ಲ. ಹೆರೆಯೋಣವೆಂದರೆ ಸ್ಟೂಲು ಎದುರಿಗೇ ಇತ್ತು. ಡ್ರಾಯರನ್ನು ಪೆಟ್ಟಿಗೆಗೆ ತಳ್ಳಿ, ನೋಟ್‌ಬುಕ್ಕಿನಲ್ಲಿ ಉಳಿದದ್ದನ್ನೆಲ್ಲ ಬರೆದು ಅದೊಂದನ್ನು ಬಿಟ್ಟೆ.

ಮಧ್ಯಾಹ್ನ ಗಿರಾಕಿಯ ವ್ಯಾನು ಬಂತು. ಸಾಹೇಬರು ಯಾವತ್ತಿನಂತೆ ಡ್ರಾಯರುಗಳನ್ನು ಒಂದೊಂದಾಗಿ ಎಳೆದು, ಎತ್ತಿ, ತಳ್ಳಿ ನೋಡಿದರು. ನಾಲ್ಕನೆಯದನ್ನೂ ಎತ್ತಿದರು. ಅದನ್ನು ಮೆಲ್ಲಗೆ ಒಳಗೆ ತಳ್ಳಿದರು.

"ಪುಟ ಬರೆದೆಯಾ, ಇರಾ?"

"ಬರೆದೆ."

"ಎಲ್ಲಾ?"

"ಎಲ್ಲಾ ಬರೆದಿದ್ದೇನೆ."

ಪೆಟ್ಟಿಗೆ ಹೋಯಿತು. ಆಮೇಲೆ ಎಷ್ಟೋ ವರ್ಷ ಅವರ ಕೈಕೆಳಗೆ ದುಡಿದೆ. ಪ್ರತಿ ವರ್ಷ ಪೂಜೆಯ ದಿನ ಶಾಂತಾ ಕಟ್ಟಿಕೊಟ್ಟ ಶೇಂಗಾ ಹೋಳಿಗೆಯನ್ನು ಅವರು ಚಪ್ಪರಿಸಿಕೊಂಡು ತಿನ್ನುತ್ತಿದ್ದರು. ಒಮ್ಮೆ, 'ಈಗೀಗ ಬರೀ ಉಪಕರಣಗಳಿಗಷ್ಟೇ ಬೂದಿ ಹಚ್ಚುತ್ತೀಯಲ್ಲ' ಎಂದರು. ನಾನು ಮಾತು ಮರೆಸಿದೆ. ಕೆಲಸದಲ್ಲಿ ತಪ್ಪು ಮಾಡಿದ್ದು ನನ್ನನ್ನು ಅಷ್ಟಾಗಿ ಕಾಡಲಿಲ್ಲ. 'ಎಲ್ಲಾ' ಎಂದದ್ದು ಕಾಡಿತು.

ಇಷ್ಟರಲ್ಲಿ ಕೆಲಸದ ರೀತಿಯೇ ಬದಲಾಯಿತು. ಮೊದಲು ಚರ್ಮ ಕುದಿಸಿದ ಅಂಟು ಒಂದೇ ಇತ್ತು, ಕಾರ್ಖಾನೆಯ ನಾತಕ್ಕೆ ಅಂಚೆಯವನು ಮೂಗು ಮುಚ್ಚಿಕೊಂಡು ಬರುತ್ತಿದ್ದ. ಆಮೇಲೆ ಬಾಟಲಿಯ ಬಿಳಿ ಅಂಟು ಬಂತು, ಎಲ್ಲರೂ ಅದಕ್ಕೆ ಮರುಳಾದರು. ಹತ್ತು ವರ್ಷದ ನಂತರ ಅದೇ ಸಾಮಾನು ಮತ್ತೆ ಮುರಿದು ಬಂದಾಗ ಅಂಟು ಬಿಡಿಸಲಾಗದೆ ಮರವೇ ಸೀಳಿತು. ಈಗ ಎಲ್ಲರೂ ಮತ್ತೆ ನಾತದ ಅಂಟಿಗೇ ಬಂದಿದ್ದಾರೆ, ಹಳೆಯ ಬಣ್ಣ ತೋರಿಸುವ ನೀಲಿ ದೀಪ, ಸೂಕ್ಷ್ಮದರ್ಶಕ, ಕಂಪ್ಯೂಟರಿನ ಜೊತೆಗೆ. ಹೊಲಿಸ್ ಸಾಹೇಬರು ತೀರಿಕೊಂಡರು. ಅವರ ಮಗಳು ಕೀಲಿಕೈಯನ್ನು ನನಗೆ ಕೊಟ್ಟಳು. ನನ್ನ ಕೊನೆಯ ಐದು ವರ್ಷ ಜೊತೆಗೆ ಕೆಲಸ ಮಾಡಿದ ನೀಲಾಳಿಗೆ ನಾನು ಅದನ್ನು ಕೊಟ್ಟು ಬಂದೆ.

ನೀಲಾ ಇಲ್ಲೇ ಥಾರ್ನ್‌ಹಿಲ್‌ನಲ್ಲಿ ಹುಟ್ಟಿ ಬೆಳೆದವಳು. ತಂದೆ ತಾಯಿ ಮೈಸೂರಿನವರು, ತಂದೆ ಎಂಜಿನಿಯರು. ಮಗಳು ಮರಗೆಲಸ ಓದಿದ್ದಕ್ಕೆ ಅವರಿಗೆ ಇನ್ನೂ ಸಮಾಧಾನವಿಲ್ಲ. ನಾನು ಕನ್ನಡದಲ್ಲಿ ಹೇಳುತ್ತೇನೆ, ಅವಳು ಅರ್ಧ ಇಂಗ್ಲಿಷ್, ಅರ್ಧ ಕನ್ನಡದಲ್ಲಿ ಉತ್ತರಿಸುತ್ತಾಳೆ. ಕೈ ಮಾತ್ರ ಬಂಗಾರದಂಥದು. ಎಡಗೈ ಅಣ್ಣನ ಕಥೆಯನ್ನು ಅವಳಿಗೆ ನೂರು ಸಲ ಹೇಳಿದ್ದೇನೆ, ಮೂರು ಗೆರೆಯ ಕಥೆಯನ್ನು ಮಾತ್ರ ಬಿಟ್ಟು.

ಕಳೆದ ವಸಂತದಲ್ಲಿ ಒಂದು ಬುಧವಾರ ಅವಳ ಫೋನು ಬಂತು.

"ಅಂಕಲ್, ಯು ವೋಂಟ್ ಬಿಲೀವ್ ಇಟ್! ನಿಮ್ಮ ಎಡಗೈ ಅಣ್ಣಂದು ಇನ್ನೊಂದು ಪೀಸ್ ಸಿಕ್ಕಿದೆ. ಸೇಮ್ ಲೆಫ್ಟ್ ಹ್ಯಾಂಡ್. ಆ್ಯಂಡ್ ಹಿ ಸೈನ್ಡ್ ಇಟ್! ಡ್ರಾಯರ್ ಕೆಳಗೆ ಅವ್ನ ಮಾರ್ಕ್ ಇದೆ. ಸ್ಯಾಟರ್‌ಡೇ ಹಳೇ ಫರ್ನಿಚರ್ ಕಾನ್ಫರೆನ್ಸ್‌ನಲ್ಲಿ ನನ್ನ ಟಾಕ್ ಇದ್ಯಲ್ಲಾ, ಅದ್ರಲ್ಲಿ ಹೇಳ್ತೀನಿ."

ಹಿಂದೆಯೇ ಫೋಟೊ ಬಂತು. ಎರಡು ಗೆರೆ ಒಂದರ ಪಕ್ಕ ಒಂದು, ಮೂರನೆಯದು ಸ್ವಲ್ಪ ದೂರ. ನಾನು ಫೋನನ್ನು ಟೇಬಲ್ಲಿನ ಮೇಲೆ ಬೋರಲು ಇಟ್ಟೆ. ಶಾಂತಾ ಕೇಳಿದಳು, ಎಲ್ಲವನ್ನೂ ಹೇಳಿದೆ. ಇಷ್ಟು ವರ್ಷದಲ್ಲಿ ಅವಳಿಗೂ ಹೇಳಿರಲಿಲ್ಲ.

"ಸುಮ್ಮನ ಇದ್ದುಬಿಡ್ರಿ," ಎಂದಳು. "ಆ ಹುಡುಗಿ ಎಷ್ಟ್ ಖುಷಿಯಾಗ್ಯಾಳ. ದೊಡ್ಡ ದೊಡ್ಡ ಮಂದಿ ಮುಂದ ಮಾತಾಡಾಕ್ಹತ್ತಾಳ. ಈಗ ಹೋಗಿ ಅಕಿ ಮನಸ್ಸ್ ಮುರೀತೀರೇನು? ಯಾರಿಗ್ ಗೊತ್ತಾಗತೈತಿ?"

"ನಾಳೆ ಯಾರರೆ ಅದು ಬೂದಿ ಅಂತ ಕಂಡು ಹಿಡದ್ರ? ಅಕಿ ಹೆಸರು ಹಾಳಾಗಿ ಹೋಗತೈತಿ ಶಾಂತಾ. ಇನ್ನೂ ಈಗ ಬೆಳ್ಯಾಕ್ಹತ್ತಿದ ಹುಡುಗಿ."

"ಮತ್ತ ನಿಮ್ಮ ಹೆಸರು?"

ಈ ಊರಿನಲ್ಲಿ ಹಳೆಯ ಮರದ ಕೆಲಸ ಮಾಡುವವರ ನಡುವೆ ನನ್ನ ಮಾತಿಗೆ ಒಂದು ಬೆಲೆಯಿತ್ತು. ಇರಾ ಹೇಳಿದನೆಂದರೆ ಸರಿ ಎನ್ನುತ್ತಿದ್ದರು. ನಾನು ಸಂಪಾದಿಸಿದ್ದು ಅದೊಂದೇ. ಮರುದಿನ ಬೆಳಿಗ್ಗೆ ಶಾಂತಾಳೇ ಕಾರು ತೆಗೆದಳು. ನೇರ ಕಾರ್ಖಾನೆಗೆ ಹೋದೆವು.

ಡ್ರಾಯರು ಅದೇ ಬೆಂಚಿನ ಮೇಲೆ ಬೋರಲಾಗಿತ್ತು. ನೀಲಾ ಇನ್ನೂ ಗೋಡೆಯಿಂದ ಈಚೆ ಎಳೆಯದ ಪೆಟ್ಟಿಗೆಯ ಹಿಂದೆ ನಾನು ಮೊದಲು ಕೈ ತೂರಿಸಿ ಕಂಬವನ್ನು ತಡವಿದೆ. ಹೃದಯದಾಕಾರದ ತುಂಡು ಇತ್ತು. ಇದು ಇನ್ನೊಂದು ಪೆಟ್ಟಿಗೆಯಲ್ಲ, ಅದೇ ಪೆಟ್ಟಿಗೆ. ಹಳೆಯ ಯಜಮಾನರು ಹೋಗಿ, ಮನೆ ಖಾಲಿಯಾಗಿ, ಮಾಲೀಕರು ಬದಲಾಗಿ ಅದೇ ಬೆಂಚಿಗೆ ವಾಪಸು ಬಂದಿತ್ತು. ನೀಲಾ ಉತ್ಸಾಹದಿಂದ ಹೇಳುತ್ತಲೇ ಇದ್ದಳು, ಶಾಯಿಯಲ್ಲ, ಸುಣ್ಣದಂಥ ಕ್ಷಾರ ಏನೋ ತಾಗಿ ಮರದೊಳಗೇ ಕಪ್ಪಾಗಿದೆ ಎಂದು.

"ಯವ್ವಾ ನೀಲಾ, ಇಲ್ಲಿ ನೋಡು" ಎಂದು ನಾನು ಬಲಗೈಯ ಮೂರು ಬೆರಳನ್ನು ಆ ಗೆರೆಗಳ ಮೇಲೆ ಇಟ್ಟೆ. ಸೊಟ್ಟ ಬೆರಳು ಮೂರನೆಯ ಗೆರೆಯ ಮೇಲೆ ಸರಿಯಾಗಿ ಕೂತಿತು.

ಅವಳು ನನ್ನ ಕೈ ನೋಡಿದಳು, ನನ್ನ ಹಣೆ ನೋಡಿದಳು. ಹೇಳುವುದಕ್ಕೆ ಇನ್ನೇನೂ ಉಳಿಯಲಿಲ್ಲ. ಆದರೂ ಪೂಜೆಯಿಂದ ಹಿಡಿದು 'ಎಲ್ಲಾ' ಎಂದದ್ದರವರೆಗೆ ಎಲ್ಲವನ್ನೂ ಹೇಳಿದೆ.

"ಐ ಆಲ್ರೆಡಿ ಸೆಂಟ್ ದ ಸ್ಲೈಡ್ಸ್, ಅಂಕಲ್." ಅವಳು ಡ್ರಾಯರಿನಿಂದ ಹಿಂದೆ ಸರಿದಳು. "ಎವ್ರಿಬಡಿ ಎಕ್ಸೈಟ್ ಆಗಿದಾರೆ. ಮುಂಚೇನೇ ಯಾಕೆ ಹೇಳ್ಲಿಲ್ಲ? ಫೈವ್ ಇಯರ್ಸ್ ನಂಗೆ ಅವ್ನ ಕಥೆ ಹೇಳಿದ್ರಿ!"

"ಅಂಜಿಕಿ, ನಾಚಿಕಿ. ಬ್ಯಾರೆ ಏನಿಲ್ಲ."

ಅವಳು ಹೊರಗೆ ಹೋಗಿ ಓಣಿಯಲ್ಲಿ ಅತ್ತಿಂದಿತ್ತ ನಡೆದಳು. ಕಿಟಕಿಯಲ್ಲಿ ಕಾಣುತ್ತಿತ್ತು. ಹಿಂದೆ ಹೋದ ಶಾಂತಾ ಅವಳ ಪಕ್ಕ ನಡೆದಳು. ಬಹಳ ಹೊತ್ತಾದ ಮೇಲೆ ನೀಲಾ ಒಳಗೆ ಬಂದಳು. ಕಣ್ಣು ಕೆಂಪಾಗಿತ್ತು.

"ಆ ವರ್ಷದ ನೋಟ್‌ಬುಕ್ ಎಲ್ಲಿದೆ?"

ಅಟ್ಟದ ಡಬ್ಬಿಯಲ್ಲಿತ್ತು. ಅದನ್ನು ನಾನು ಬೇಕೆಂದೇ ಎಂದೂ ತೆಗೆದಿರಲಿಲ್ಲ. ಅವಳು ಪುಟ ಹುಡುಕಿ ನನ್ನ ಮುಂದೆ ಇಟ್ಟಳು. ನನ್ನದೇ ಅಕ್ಷರ, ಪುಟದ ಮುಕ್ಕಾಲು ಭಾಗ. ಹಿಂದಿನ ಪುಟದ ಕೊನೆಗೆ ಗೆರೆ, ಸಹಿ. ಮುಂದಿನ ಪುಟದ ಕೊನೆಗೂ ಗೆರೆ, ಸಹಿ. ಈ ಪುಟದ ಕೆಳಗೆ ಏನೂ ಇರಲಿಲ್ಲ. ನಾಲ್ಕು ಸಾಲು ಬರೆಯುವಷ್ಟು ಜಾಗ ಖಾಲಿಯಿತ್ತು.

ನಾನು ಎರಡೆರಡು ಸಲ ನೋಡಿದೆ. ಸಾಹೇಬರು ಮರೆಯುವವರಲ್ಲ. ಡ್ರಾಯರನ್ನು ಎತ್ತಿದಾಗಲೇ ಕಂಡಿದ್ದರು. ಕಂಡೂ ಒಂದು ಮಾತು ಕೇಳಿ, ನನ್ನ ಸುಳ್ಳನ್ನು ಕೇಳಿಸಿಕೊಂಡು, ಪುಟವನ್ನು ಮುಚ್ಚದೆ ಬಿಟ್ಟಿದ್ದರು. ಅಷ್ಟು ವರ್ಷ ನನ್ನ ಎದುರಿಗೇ ಕೂತು ಹೋಳಿಗೆ ತಿನ್ನುತ್ತಾ ಕಾದಿದ್ದರು. ನಾನು ಆ ಸ್ಟೂಲಿನ ಮೇಲೆ ಕೂತು ಚಿಕ್ಕ ಮಕ್ಕಳ ಹಾಗೆ ಅತ್ತೆ. ಶಾಂತಾ ಬೆನ್ನ ಮೇಲೆ ಕೈಯಿಟ್ಟಳು.

ನೀಲಾ ಪೆನ್ನು ಕೊಟ್ಟಳು. ನಾನು ಬರೆದೆ: ನಾಲ್ಕನೆಯ ಡ್ರಾಯರಿನ ತಳದ ಮೂರು ಕಪ್ಪು ಗೆರೆಗಳು ಇದನ್ನು ಮಾಡಿದವನವಲ್ಲ. ಈರಣ್ಣ ಬಡಿಗೇರ ಖಂಡೆಪೂಜೆಯಲ್ಲಿ ವಿಭೂತಿ ಹಚ್ಚಿದ್ದರಿಂದ ಆದವು. ನಿಂಬೆಯಿಂದ ತೆಗೆಯಲು ನೋಡಿದೆ, ಹೋಗಲಿಲ್ಲ. ಆಗ ಬರೆಯಲಿಲ್ಲ, ಸುಳ್ಳು ಹೇಳಿದೆ.

ನೀಲಾ ಬಗ್ಗಿ ಓದಿದಳು.

"ಯಾಕೆ ಹಚ್ಚಿದ್ರಿ ಅಂತ ಬರೀಲಿಲ್ಲ," ಎಂದಳು. "ಅದೂ ಬರೀರಿ. ನೆಕ್ಸ್ಟ್ ಬರೋರಿಗೆ ಗೊತ್ತಾಗ್ಬೇಕು."

ಉಳಿದ ಜಾಗದಲ್ಲಿ ಬರೆದೆ: ಅವನೂ ಬಡಿಗ ಅಂತ.

"ಶನಿವಾರ ಈ ಪೇಜ್ ತೋರಿಸ್ಲಾ, ಅಂಕಲ್? ಫಸ್ಟ್ ಸ್ಲೈಡ್ ಆಗಿ?"

"ತೋರಿಸವ್ವಾ."

ಅವಳು ಗೋಡೆಯ ಮೊಳೆಯಿಂದ ಸಾಹೇಬರ ಸ್ಕೇಲನ್ನು ತೆಗೆದು, ಪುಟದ ಕೆಳಗೆ ಇಟ್ಟು ಗೆರೆ ಎಳೆದು ಸಹಿ ಹಾಕಿದಳು.